ರೈನೊ ಊದದೆ ಬಿಟ್ಟ ಸೀಟಿ

ಕೊಲ್ಬಿಗೂ ಆರ್ಡನ್ನಿಗೂ ನಡುವೆ ಇದ್ದದ್ದು ಎಂಟೇ ಮೈಲಿ ದಾರಿ ಮತ್ತು ಒಂದು ಗಣಿಯ ಹೊಂಡ. ಎರಡೂ ಊರಿನ ಗಂಡಸರು ಅದೇ ಹೊಂಡದಲ್ಲಿ ಕಬ್ಬಿಣದ ಅದಿರು ತೋಡುತ್ತಿದ್ದರು, ಒಂದೇ ಯೂನಿಯನ್ನಿನಲ್ಲಿದ್ದರು, ಈ ಊರಿನ ಹೆಣ್ಣು ಆ ಊರಿಗೆ ಸೊಸೆಯಾಗಿ ಹೋಗುವುದೂ ಇತ್ತು. ಆದರೆ ಜನವರಿಯಲ್ಲಿ ಎರಡು ಹೈಸ್ಕೂಲುಗಳ ಹುಡುಗರು ಐಸ್ ಹಾಕಿಗೆ ಇಳಿದರೆಂದರೆ, ಆ ಒಂದು ದಿನ ಬೀಗರು ಬೀಗರ ಮುಖ ನೋಡುತ್ತಿರಲಿಲ್ಲ.

ಅಮೆರಿಕದ ಉತ್ತರ ಮಿನೆಸೋಟದ ಆ ಕೊಲ್ಬಿಯವನೇ ರೈನೊ ಹುಹ್ತಾಲ. ವಾರವೆಲ್ಲ ಗಣಿಯಲ್ಲಿ ಮನೆಯೆತ್ತರದ ಲಾರಿ ಓಡಿಸುತ್ತಿದ್ದ. ಚಳಿಗಾಲದ ಶನಿವಾರಗಳಲ್ಲಿ ಕಪ್ಪು ಬಿಳಿ ಪಟ್ಟೆಯ ಅಂಗಿ ತೊಟ್ಟು ಸುತ್ತಲ ಊರುಗಳ ಪಂದ್ಯಗಳಿಗೆ ರೆಫರಿಯಾಗಿ ಹೋಗುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಮಾತು ಕಮ್ಮಿ, ಕಟ್ಟುನಿಟ್ಟು ಜಾಸ್ತಿ. ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಮೀನು ಹಿಡಿಯಲು ಕೂತಾಗಲೂ ಜೇಬಿನಿಂದ ಅಳತೆಪಟ್ಟಿ ತೆಗೆಯುತ್ತಿದ್ದ. ಕಾನೂನು ಹೇಳಿದ್ದಕ್ಕಿಂತ ಅರ್ಧ ಬೆರಳು ಗಿಡ್ಡವಿದ್ದರೂ ಮೀನು ವಾಪಸು ನೀರಿಗೆ.

"ಸುತ್ತ ಎರಡು ಮೈಲಿ ಒಂದು ನರಪಿಳ್ಳೆ ಇಲ್ಲ. ಯಾರಿಗೆ ಹೆದರ್ತೀಯೋ ಮಾರಾಯ?" ಎಂದು ಹೆಂಡತಿ ಬೆವರ್ಲಿ ನಗುತ್ತಿದ್ದಳು.

"ಹೆದರಿಕೆ ಅಲ್ಲ ಕಣೇ. ಅಳತೆ ಅಂದ್ರೆ ಅಳತೆ."

ಅವರಿಗೆ ಮಕ್ಕಳಿರಲಿಲ್ಲ. ಹಿಂದಿನ ಓಣಿಯಾಚೆ ಲೊರೇನ್ ಜೆರಿಚ್ ಎಂಬಾಕೆಯ ಮನೆ. ಗಂಡ ಬಿಟ್ಟುಹೋದ ಮೇಲೆ ಶಾಲೆಯ ಅಡುಗೆಮನೆಯಲ್ಲಿ ದುಡಿದು ಒಬ್ಬನೇ ಮಗ ಟ್ರಾವಿಸ್‌ನನ್ನು ಸಾಕುತ್ತಿದ್ದಳು. ಪ್ರತಿ ಡಿಸೆಂಬರಿನಲ್ಲಿ ರೈನೊ ತನ್ನ ಹಿತ್ತಿಲಿಗೆ ಪೈಪಿನಿಂದ ನೀರು ಬಿಟ್ಟು ಹೆಪ್ಪುಗಟ್ಟಿಸಿ ಓಣಿಯ ಮಕ್ಕಳಿಗೆ ಜಾರಲು ಜಾಗ ಮಾಡಿಕೊಡುತ್ತಿದ್ದ. ನಾಲ್ಕು ವರ್ಷದ ಟ್ರಾವಿಸ್‌ನ ಕೋಟಿನ ಕಾಲರ್ ಹಿಡಿದು ಮೊದಲ ಸಲ ಐಸಿನ ಮೇಲೆ ನಿಲ್ಲಿಸಿದವನು ಅವನೇ. ಹದಿನೇಳಕ್ಕೆ ಬರುವ ಹೊತ್ತಿಗೆ ಹುಡುಗ ಕೊಲ್ಬಿ ತಂಡದ ಬೆನ್ನೆಲುಬಾಗಿದ್ದ. ಒಳ್ಳೆಯ ಆಟಗಾರ, ಆದರೆ ಮೂಗಿನ ತುದಿಯಲ್ಲೇ ಕೋಪ.

ತನ್ನ ಊರಿನ ಪಂದ್ಯಕ್ಕೆ ರೈನೊ ಎಂದೂ ಸೀಟಿ ಹಿಡಿದವನಲ್ಲ. ತೊಂಬತ್ತನಾಲ್ಕರ ಜನವರಿಯ ಆ ಶನಿವಾರ ಮಾತ್ರ ಹಿಡಿಯಬೇಕಾಯಿತು. ಡುಲೂತಿನಿಂದ ಬರಬೇಕಿದ್ದ ರೆಫರಿ ಹಿಮಬಿದ್ದ ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಕೊಲ್ಬಿಯ ಕೋಚ್ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿದ.

"ಬೇಡಪ್ಪ. ಆರ್ಡನ್ನವರು ಒಪ್ಪಲ್ಲ," ಎಂದ ರೈನೊ.

"ಅವರ ಕೋಚೇ ನಿನ್ನ ಹೆಸರು ಹೇಳಿದ್ದು ಕಣೋ. ರೈನೊ ಆದ್ರೆ ಸ್ವಂತ ಅಮ್ಮನಿಗೂ ಶಿಕ್ಷೆ ಕೊಡ್ತಾನೆ, ನಮ್ಗೇನೂ ಅಭ್ಯಂತರ ಇಲ್ಲ ಅಂದ."

ಆ ಮಾತು ರೈನೊಗೆ ಹಿತವಾಯಿತು. ಒಪ್ಪಿಕೊಂಡ.

ಮಧ್ಯಾಹ್ನ ಎರಡಕ್ಕೆ ಕೊಲ್ಬಿಯ ಒಳಾಂಗಣದಲ್ಲಿ ಪಂದ್ಯ. ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ; ಒಳಗೆ ಸಾವಿರದಿನ್ನೂರು ಜನ, ಕಾಫಿಯ ಹಬೆ, ಹಿತ್ತಾಳೆ ವಾದ್ಯಗಳ ಮೊರೆತ. ತನ್ನೂರಿನ ಕಡೆ ವಾಲಿದ ಎಂಬ ಮಾತು ಬರಬಾರದೆಂದು ರೈನೊ ಮೊದಲ ನಿಮಿಷದಿಂದಲೇ ಬಿಗಿಯಾಗಿದ್ದ. ಎರಡನೇ ಅವಧಿ ಮುಗಿಯುವಷ್ಟರಲ್ಲಿ ಕೊಲ್ಬಿಯ ಮೂವರನ್ನು ಎರಡೆರಡು ನಿಮಿಷ ಶಿಕ್ಷೆಯ ಬೆಂಚಿಗೆ ಕಳಿಸಿದ್ದ. ಅವರಲ್ಲಿ ಟ್ರಾವಿಸ್ ಒಬ್ಬ. ಆರ್ಡನ್ನಿನಿಂದ ಹೋದವನು ಒಬ್ಬನೇ.

ಜನ ಸುಮ್ಮನಿರುತ್ತಾರೆಯೇ?

"ಏ ರೈನೊ, ಕನ್ನಡಕ ಗಣೀಲಿ ಬಿಟ್ಬಂದ್ಯೇನೋ!"

"ಮನೆ ಅಲ್ಲೇ ಮಾಡು ಹೋಗು, ಆರ್ಡನ್ನಲ್ಲೇ!"

ಕೂಗುತ್ತಿದ್ದವರು ಲಾರಿಯ ಪಾಳಿಯಲ್ಲಿ ದಿನಾ ಅವನ ಪಕ್ಕ ಊಟಕ್ಕೆ ಕೂರುವವರು. ಇಪ್ಪತ್ತೆರಡು ವರ್ಷ ಬೇರೆ ಊರುಗಳ ಬೈಗುಳ ಕೇಳಿದ್ದವನಿಗೆ ಅವು ಬಾತುಕೋಳಿಯ ಬೆನ್ನ ಮೇಲಿನ ನೀರಿನಂತೆ ಜಾರಿಹೋಗುತ್ತಿದ್ದವು. ಇವು ಹಾಗಲ್ಲ. ಒಂದೊಂದು ದನಿಯ ಹಿಂದೆ ಇದ್ದ ಮುಖವೂ ಅವನಿಗೆ ಗೊತ್ತಿತ್ತು.

ಕೊನೆಯ ಅವಧಿ. ಎರಡು ಎರಡು ಸಮ. ಇನ್ನು ಐದು ನಿಮಿಷ ಉಳಿದಿತ್ತು. ಆರ್ಡನ್ನಿನ ಡೀನ್ ಫೊರ್ಟಿ ಎಂಬ ಹದಿನಾರರ ಹುಡುಗ ಮೂಲೆಯಲ್ಲಿ ಐಸಿನ ಸುತ್ತ ಕಟ್ಟಿದ ಹಲಗೆ ಗೋಡೆಯತ್ತ ಮುಖಮಾಡಿ, ಬಗ್ಗಿ, ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಎಳೆದುಕೊಳ್ಳುತ್ತಿದ್ದ. ಟ್ರಾವಿಸ್ ಹಿಂದಿನಿಂದ ಬಂದು ಅವನ ಬೆನ್ನಿಗೆ ಗುದ್ದಿದ. ಹುಡುಗನ ಮುಖ ಹಲಗೆಗೆ ಬಡಿಯಿತು. ಹಿಂದಿನಿಂದ ಗುದ್ದುವುದು ಆ ಆಟದಲ್ಲಿ ಎಲ್ಲಕ್ಕಿಂತ ಕೆಟ್ಟ ತಪ್ಪು. ಐದು ನಿಮಿಷದ ಶಿಕ್ಷೆ, ರೆಫರಿ ಮನಸ್ಸು ಮಾಡಿದರೆ ಪಂದ್ಯದಿಂದಲೇ ಹೊರಗೆ.

ರೈನೊ ಹನ್ನೆರಡು ಅಡಿ ದೂರದಲ್ಲಿದ್ದ. ಪೂರ್ತಿ ನೋಡಿದ. ಶಿಕ್ಷೆಯ ಗುರುತಿಗೆ ಅವನ ಬಲಗೈ ಮೇಲೇಳತೊಡಗಿತು. ಆಗಲೇ ಹಲಗೆಯ ಮೇಲಿನ ಗಾಜಿನಾಚೆಯ ಮೊದಲ ಸಾಲಿನಿಂದ ಒಂದು ಹೆಣ್ಣು ದನಿ ಎಲ್ಲ ದನಿಗಳನ್ನೂ ಸೀಳಿಕೊಂಡು ಬಂತು.

"ಸಾಕು ರೈನೊ! ಸಾಕಪ್ಪಾ ನಿನ್ನ ಸೀಟಿ! ಹುಡುಗ್ರನ್ನ ಆಡೋಕೆ ಬಿಡು!"

ಲೊರೇನ್. ಭುಜದವರೆಗೆ ಬಂದಿದ್ದ ರೈನೊನ ಕೈ ಅಲ್ಲಿಂದ ಹೆಲ್ಮೆಟ್ಟಿನತ್ತ ತಿರುಗಿ, ಸರಿಯಾಗಿಯೇ ಇದ್ದ ಅದರ ಪಟ್ಟಿಯನ್ನು ಸರಿಮಾಡಿ ಕೆಳಗಿಳಿಯಿತು.

ಡೀನ್ ಎದ್ದ. ತುಟಿ ಒಡೆದು ಗಲ್ಲದ ಮೇಲೆ ರಕ್ತ. ರೈನೊನ ಪಕ್ಕ ಜಾರಿ ಬಂದು ನಿಂತ.

"ನೀವು ನೋಡಿದ್ರಿ ಸಾರ್."

"ಆಡು, ಆಡು. ನಡಿ," ಎಂದ ರೈನೊ.

"ನೋಡಿದ್ರಿ ನೀವು," ಎಂದು ಹುಡುಗ ಇನ್ನೊಮ್ಮೆ ಹೇಳಿ ಹೋದ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ.

ಅದಾಗಿ ಎರಡು ನಿಮಿಷವೂ ಕಳೆದಿರಲಿಲ್ಲ. ಈ ಸಲ ಹಲಗೆಯತ್ತ ಬಗ್ಗಿದವನು ಟ್ರಾವಿಸ್, ಹಿಂದಿನಿಂದ ಬಂದವನು ಡೀನ್. ಟ್ರಾವಿಸ್‌ನ ತಲೆ ನೇರ ಗೋಡೆಗೆ ಹೋಯಿತು. ಬಿದ್ದವನು ಏಳಲಿಲ್ಲ. ರೈನೊ ಸೀಟಿ ಊದಿದ, ಉಸಿರು ಮುಗಿಯುವವರೆಗೂ ಊದಿದ. ಮಂಡಿಯೂರಿ ಹುಡುಗನ ಮುಖದ ಹತ್ತಿರ ಬಗ್ಗಿದ. ಕಣ್ಣು ತೆರೆದೇ ಇದ್ದವು.

"ರೈನೊ, ನನ್ನ ಕಾಲು ಎಲ್ಲಿವೆ?"

"ಇಲ್ಲೇ ಇವೆ ಮರಿ. ಅಲ್ಲಾಡ್ಬೇಡ. ಏನೂ ಆಗಿಲ್ಲ."

ಲೊರೇನ್ ಶೂ ಕಾಲಿನಲ್ಲೇ ಐಸಿನ ಮೇಲೆ ಓಡಿ ಬಂದು, ಎರಡು ಸಲ ಬಿದ್ದು, ಕೊನೆಗೆ ತೆವಳಿಕೊಂಡೇ ಮಗನ ಹತ್ತಿರ ತಲುಪಿದಳು.

ಕುತ್ತಿಗೆಯ ಮೂಳೆ ಮುರಿದಿತ್ತು. ಭುಜದಿಂದ ಕೆಳಗೆ ಯಾವುದೂ ಇನ್ನು ಅವನ ಮಾತು ಕೇಳುವುದಿಲ್ಲವೆಂದು ಮೂರನೇ ದಿನ ಡಾಕ್ಟರು ಹೇಳಿದರು.

ಕೊಲ್ಬಿ ಹೊತ್ತಿ ಉರಿಯಿತು. ಡೀನ್ ಫೊರ್ಟಿ ಕೊಲೆಗಡುಕ, ಅವನನ್ನು ಜೈಲಿಗೆ ಹಾಕಬೇಕು ಎಂದು ಚರ್ಚಿನ ಮೆಟ್ಟಿಲ ಮೇಲೂ ಅದೇ ಮಾತು, ಗಣಿಯ ಊಟದ ಕೋಣೆಯಲ್ಲೂ ಅದೇ. ಸರ್ಕಾರಿ ವಕೀಲನೂ ಕೇಸು ಹಾಕುವ ಯೋಚನೆಯಲ್ಲಿದ್ದ. ರೆಫರಿಯ ವರದಿ ಬಂದರೆ ಸಾಕಿತ್ತು. ರೈನೊ ಅಡುಗೆಮನೆಯ ಮೇಜಿನ ಮುಂದೆ ಕಾಗದ ಇಟ್ಟುಕೊಂಡು ಮುಂದಿನ ಭಾನುವಾರವೆಲ್ಲ ಕೂತ. ಕೊನೆಗೆ ಬರೆದ: 'ಮೊದಲು ಗುದ್ದಿದ್ದು ಟ್ರಾವಿಸ್. ನಾನು ಸ್ಪಷ್ಟವಾಗಿ ನೋಡಿದೆ. ಕೈ ಎತ್ತಿ ಇಳಿಸಿದೆ. ಆಗಲೇ ಅವನನ್ನು ಹೊರಗೆ ಕಳಿಸಿದ್ದರೆ ಎರಡನೆಯದು ಆಗುತ್ತಿರಲಿಲ್ಲ.'

ಬೆವರ್ಲಿ ಓದಿ ಕೆಳಗಿಟ್ಟಳು. "ಇದನ್ನ ಕಳಿಸಿದ್ರೆ ಈ ಊರಲ್ಲಿ ನಾವು ಬಾಳೋದು ಹೇಗೋ?"

"ಕಳಿಸ್ದೆ ಬಾಳೋದು ಹೇಗೆ, ನೀನೇ ಹೇಳು."

ಯಾಕೆ ಕೈ ಇಳಿಸಿದೆ ಎಂದು ವಕೀಲ ಕೇಳಿದಾಗ, "ಹೆದರಿದೆ," ಎಂದಷ್ಟೇ ಹೇಳಿದ. ಯಾರ ದನಿಗೆ ಎಂದು ಹೇಳಲಿಲ್ಲ, ಬೆವರ್ಲಿಗೂ ಹೇಳಲಿಲ್ಲ.

ಡೀನ್ ಮೇಲೆ ಕೇಸು ನಿಲ್ಲಲಿಲ್ಲ. ಅವನನ್ನು ಆಟದಿಂದ ಹೊರಗಿಟ್ಟರು, ಅಷ್ಟೇ. ಊರಿನ ಸಿಟ್ಟು ಪೂರ್ತಿ ರೈನೊನ ಕಡೆ ತಿರುಗಿತು. ಹಾಸಿಗೆ ಹಿಡಿದ ಹುಡುಗನ ಮೇಲೇ ತಪ್ಪು ಹೊರಿಸಿದ ಎಂದರು. ಊಟದ ಕೋಣೆಯಲ್ಲಿ ಅವನು ಕೂತ ಮೇಜು ಖಾಲಿಯಾಗುತ್ತಿತ್ತು. ಮಾಂಸ, ಆಲೂಗಡ್ಡೆ ತುಂಬಿ ಬೆವರ್ಲಿ ಕಟ್ಟಿಕೊಟ್ಟ ಕಡುಬನ್ನು ಅವನು ಲಾರಿಯೊಳಗೇ ತಿಂದು ಮುಗಿಸತೊಡಗಿದ. ಪಟ್ಟೆ ಅಂಗಿಯನ್ನು ಒಲೆಗೆ ಹಾಕಿದ. ಮುಂದಿನ ಡಿಸೆಂಬರಿನಲ್ಲಿ ಹಿತ್ತಿಲಿಗೆ ನೀರು ಬಿಡಲಿಲ್ಲ. ಬಿಟ್ಟಿದ್ದರೂ ಯಾವ ತಾಯಿಯೂ ಮಕ್ಕಳನ್ನು ಕಳಿಸುತ್ತಿರಲಿಲ್ಲ.

ಆಸ್ಪತ್ರೆಯಿಂದ ಟ್ರಾವಿಸ್ ಮನೆಗೆ ಬಂದ ವಾರವೇ ರೈನೊ ಓಣಿ ದಾಟಿ ಹೋಗಿ ಬಾಗಿಲು ಬಡಿದ. ಲೊರೇನ್ ತೆರೆದಳು, ನೋಡಿದಳು, ಬಾಗಿಲು ಮುಚ್ಚಲಿಲ್ಲ. ಆರಡಿ ಎತ್ತರದ ಮಗನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಲು ಅವಳೊಬ್ಬಳಿಂದ ಆಗುತ್ತಿರಲಿಲ್ಲ. ರೈನೊ ಎತ್ತಿದ. ಮರುದಿನವೂ ಹೋದ. ಬೆಳಿಗ್ಗೆ ಪಾಳಿಗೆ ಮೊದಲು, ಸಂಜೆ ಪಾಳಿ ಮುಗಿದ ಮೇಲೆ. ಟ್ರಾವಿಸ್ ಮಾತಾಡುತ್ತಿದ್ದ, ಕೆಲವು ದಿನ ಬೈಯುತ್ತಿದ್ದ.

"ನಿನ್ನ ಪಾಪ ತೊಳ್ಕೊಳ್ಳೋಕೆ ನನ್ನ ಬೆನ್ನು ತೊಳೀತಿದ್ದೀಯಾ, ಮುದುಕ?"

"ಬೆನ್ನು ಕೊಳೆಯಾಗಿದೆ, ಅದಕ್ಕೆ ತೊಳೀತಿದ್ದೀನಿ. ತಲೆ ಬಗ್ಗಿಸು."

ಲೊರೇನ್ ಮಾತ್ರ ಅವನೊಡನೆ ಒಂದು ಮಾತೂ ಆಡಲಿಲ್ಲ. ನಾಲ್ಕು ವರ್ಷ. ಬೇಕಾದದ್ದನ್ನು ಮೇಜಿನ ಮೇಲೆ ತೆಗೆದಿಟ್ಟು ಒಳಗೆ ಹೋಗುತ್ತಿದ್ದಳು. ಐದನೆಯ ವರ್ಷದ ಮಾರ್ಚಿನಲ್ಲಿ, ಸೂರಿನ ಹಿಮ ಕರಗಿ ಸುರಿಯುತ್ತಿದ್ದ ಒಂದು ಬೆಳಿಗ್ಗೆ, ಅವನು ಬೂಟು ಹಾಕಿಕೊಳ್ಳುತ್ತಿದ್ದಾಗ ಬಾಗಿಲಿಗೆ ಅಡ್ಡ ನಿಂತಳು.

"ಅವತ್ತು ನಾನು ಕೂಗಿದ್ದು ನಿಂಗೆ ಕೇಳಿಸ್ತಾ?"

ರೈನೊ ಬೂಟಿನ ದಾರ ಕಟ್ಟುತ್ತಲೇ ಹೇಳಿದ, "ಇಲ್ಲ. ಅಷ್ಟು ಗಲಾಟೇಲಿ ಏನ್ ಕೇಳಿಸುತ್ತೆ?"

ಅವಳು ಅಡ್ಡ ನಿಂತಲ್ಲಿಂದ ಸರಿದಳು.

"ನಿಂಗೆ ಸುಳ್ಳು ಹೇಳೋಕೆ ಬರಲ್ಲ ರೈನೊ," ಎಂದಳು. ಆಮೇಲೆ ಒಳಗೆ ಹೋಗಿ ಎರಡು ಕಪ್ ಕಾಫಿ ತಂದಳು. ಇಬ್ಬರೂ ನಿಂತೇ ಕುಡಿದರು. ಆ ವಿಷಯ ಮತ್ತೆಂದೂ ಬರಲಿಲ್ಲ, ಆದರೆ ಅಂದಿನಿಂದ ಕಾಫಿ ತಪ್ಪಲಿಲ್ಲ.

ಇಪ್ಪತ್ತೊಂಬತ್ತಕ್ಕೆ ಟ್ರಾವಿಸ್ ಶ್ವಾಸಕೋಶದ ಸೋಂಕಿನಿಂದ ತೀರಿಕೊಂಡ. ಆ ಹೊತ್ತಿಗೆ ರೈನೊ ಗಣಿಯಿಂದ ನಿವೃತ್ತನಾಗಿದ್ದ, ಎತ್ತಿ ಎತ್ತಿ ಸೊಂಟ ಹೋಗಿತ್ತು. ಮಣ್ಣು ಮಾಡಿ ಬಂದವರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಿದ್ದಾಗ, ಹೊರಗಿನ ಅಂಗಳದಲ್ಲಿ ಒಂದು ಪಿಕಪ್ ಗಾಡಿ ಇಂಜಿನ್ ಆರಿಸದೆ ನಿಂತಿರುವುದನ್ನು ಬೆವರ್ಲಿ ಕಿಟಕಿಯಲ್ಲಿ ತೋರಿಸಿದಳು. ರೈನೊ ಕೋಲೂರಿಕೊಂಡು ಹೋಗಿ ಗಾಜು ತಟ್ಟಿದ. ಒಳಗಿದ್ದವನು ಡೀನ್ ಫೊರ್ಟಿ. ತಲೆ ಮುಂದಿನ ಕಡೆ ಬೋಳಾಗಿತ್ತು.

"ಒಳಗೆ ಬಾ."

"ನಾನು ಹೇಗೆ ಬರ್ಲಿ ಸಾರ್?"

"ನನ್ನ ತೋಳು ಹಿಡ್ಕೊ. ನಂಗೆ ಮೆಟ್ಲು ಇಳಿಯೋಕೆ ಆಗಲ್ಲ."

ಇಬ್ಬರೂ ಇಳಿದು ಬರುವುದನ್ನು ಕಂಡು ಒಬ್ಬಿಬ್ಬರು ಕೋಟು ತೆಗೆದುಕೊಂಡು ಎದ್ದು ಹೋದರು. ಲೊರೇನ್ ಅಡುಗೆಕಟ್ಟೆಯ ಹಿಂದೆ ವಾಲ್‌ನಟ್ ತುಂಬಿ ಸುತ್ತಿದ ಸಿಹಿ ರೊಟ್ಟಿ ಹೆಚ್ಚುತ್ತಿದ್ದಳು. ತಲೆಯೆತ್ತಿ ಡೀನ್‌ನನ್ನು ನೋಡಿದಳು. ಚಾಕು ನಿಂತಿತು. ಆಮೇಲೆ ಒಂದು ತುಂಡು ತಟ್ಟೆಗೆ ಹಾಕಿ ಅವನತ್ತ ತಳ್ಳಿ, ಬೆನ್ನು ತಿರುಗಿಸಿ ಅಡುಗೆಮನೆಯೊಳಗೆ ಹೋದಳು. ಅವನು ಇರುವವರೆಗೂ ಹೊರಗೆ ಬರಲಿಲ್ಲ.

ಡೀನ್ ಗೋಡೆಗೊರಗಿ ನಿಂತು, ಒಂದು ಚೂರೂ ಬಿಡದೆ ತಿಂದ. ತಟ್ಟೆಯನ್ನು ತಾನೇ ತೊಳೆದಿಟ್ಟು ಆರ್ಡನ್ನಿಗೆ ಹೊರಟುಹೋದ.