ನಾನು ಗೈರ್‌ಮುಲ್ಕಿಯಾದದ್ದು

ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಓದುವಾಗ ‘ಜಗತ್ತೆಲ್ಲ ಒಂದೇ ಮುಲ್ಕ್’, ಒಂದೇ ನಾಡು, ಎಂದು ವಾದಿಸಿ ನಾನೊಂದು ಬಹುಮಾನ ಗೆದ್ದಿದ್ದೆ. ಅದಾಗಿ ವರ್ಷ ತುಂಬುವ ಮೊದಲೇ, ನಾನು ಒಂದೇ ಒಂದು ಮುಲ್ಕಿನವನು ಎಂಬ ಕಾಗದಕ್ಕಾಗಿ ಕಲಬುರಗಿಯ ಕಚೇರಿಯಲ್ಲಿ ಕೈಕಟ್ಟಿ ನಿಂತಿದ್ದೆ.

ಪೊಲೀಸ್ ಕಾರ್ಯಾಚರಣೆ ಮುಗಿದ ಮರುವರ್ಷವಿರಬೇಕು. ಕಮಲಾಪುರದ ಶಾಲೆಯಲ್ಲಿ ಮಾಸ್ತರಿಕೆ ಖಾಲಿ ಇತ್ತು. ಮುಲ್ಕಿ, ಅಂದರೆ ಹೈದರಾಬಾದ್ ಸಂಸ್ಥಾನದವನು, ಎಂಬ ಸರ್ಟಿಫಿಕೇಟಿಲ್ಲದೆ ಅದು ಸಿಗುವಂತಿರಲಿಲ್ಲ. ಹೊರಗಿನವನು ಗೈರ್‌ಮುಲ್ಕಿ. ಆಗ ಈ ಪದದಲ್ಲಿ ಬೆಂಕಿಯಿತ್ತು. ಕಲಬುರಗಿಯ ಜಗತ್ ಎಂಬ ಪೇಟೆಯ ಅಂಗಡಿಗಳ ಮುಂದೆ ಇದಕ್ಕಾಗಿ ಕೊರಳಪಟ್ಟಿ ಹಿಡಿದವರನ್ನು ಕಂಡಿದ್ದೇನೆ. ಕಮಲಾಪುರದ ಸಂತೆಯಲ್ಲಿ ಮಾತ್ರ ಅದು ಉಳ್ಳಾಗಡ್ಡಿಗೂ ಸಲ್ಲುತ್ತಿತ್ತು: “ಗೈರ್‌ಮುಲ್ಕಿ ಮಾಲ್ ರೀ, ಸೊಲ್ಲಾಪುರದ್ದು, ಒಂದಾಣೆ ಹೆಚ್ಚಿಗಿ.” ಮುಲ್ಕ್ ಎಂಬ ಮಾತೇ ಅರಬ್ಬಿಯಿಂದ ಬಂದದ್ದು. ಅದಕ್ಕೆ ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ.

ನಮ್ಮ ಮನೆತನ ತಲೆತಲಾಂತರದಿಂದ ಕಮಲಾಪುರದ್ದೇ. ತೊಡಕು ಬಂದದ್ದು ಬಾಣಂತನದಿಂದ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಅವ್ವನ ತವರು ಬಿಜಾಪುರ. ನಾನು ಹುಟ್ಟಿದ್ದು ಅಲ್ಲಿ, ಬ್ರಿಟಿಷರ ಸೀಮೆಯಲ್ಲಿ. ಅಪ್ಪನೂ ಚೊಚ್ಚಲ; ಹುಟ್ಟಿದ್ದು ತನ್ನ ತಾಯಿಯ ತವರು ಇಂಡಿಯಲ್ಲಿ, ಅದೂ ಆಚೆಯೇ.

“ನಿಮ್ಮದು ಬಿಜಾಪುರ, ನಿಮ್ಮಪ್ಪಂದು ಇಂಡಿ,” ಎಂದ ಗುಮಾಸ್ತ. “ಕಮಲಾಪುರದಾಗ ಹುಟ್ಟಿದವ್ರು ಯಾರರ ಅದಾರೇನ್ರಿ?”

“ನನ್ನ ತಮ್ಮ ಅದಾನ್ರಿ.”

“ಹಂಗಾರ ಅವನಿಗೇ ಮಾಸ್ತರಿಕಿ ಕೊಡೋಣು.”

“ಅವ ನಾಕನೆ ಇಯತ್ತೇನೂ ಪಾಸಾಗಿಲ್ರಿ.”

ಗುಮಾಸ್ತ ಸಾಕ್ಷಿ ಕೇಳಿದ. ಮರುದಿನ ಅಪ್ಪನ ತಾಯಿ, ನಮ್ಮ ಆಯಿ, ಸೆರಗಿನಲ್ಲಿ ನಾಲ್ಕು ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಬಸ್ಸಿನಲ್ಲಿ ಬಂದಿಳಿದಳು.

“ಅಮ್ಮಾ, ನೀವು ಇಂಡಿಯವ್ರು. ನೀವೇ ಗೈರ್‌ಮುಲ್ಕಿ. ನಿಮ್ಮ ಸಾಕ್ಷಿ ಹೆಂಗ ನಡೀತದ?”

“ನಿನ್ನ ಹೇಣ್ತಿ ಯಾ ಊರಾಕಿ, ಯಪ್ಪಾ?”

“ಸೊಲ್ಲಾಪುರದಾಕಿ.”

“ಮುಂಜಾನೆ ಆಕಿ ಬಡಿದ ರೊಟ್ಟಿ ಉಂಡೇ ಬಂದೀದಿ. ರೊಟ್ಟಿಗಿ ಸರ್ಟಿಫಿಕೇಟ ಕೇಳಿದ್ಯಾ? ಊರಾಗಿನ ಸೊಸೇರೆಲ್ಲಾ ಹೊರಗಿನವ್ರೇ. ನಮ್ಮನ್ನ ತಗದ್ರ ನಿಮ್ಮ ಮುಲ್ಕಿನಾಗ ಬರೇ ಗಂಡಸರು ಉಳೀತಾರ. ಬೇಯಿಸ್ಕೊಂಡು ತಿನ್ರಿ.”

ಗುಮಾಸ್ತ ಲೇಖಣಿಯನ್ನು ಮಸಿಗೆ ಅದ್ದಿದ. ಮೂರು ತಿಂಗಳ ಹಿಂದಷ್ಟೇ ಮದ್ರಾಸಿನಿಂದ ಬಂದಿದ್ದ ಸಾಹೇಬರು, ನಾನು ಈ ನೆಲದವನೆಂದು ಇಂಗ್ಲಿಷಿನಲ್ಲಿ ರುಜು ಹಾಕಿದರು.

ಇಷ್ಟೂ ನನ್ನ ನೆನಪು. ಅಂದಿನ ದಿನಚರಿ ತೆಗೆದರೆ ಇರುವುದು ಇಷ್ಟೇ: “ಆಯಿ ಬಂದಳು. ಕಾಗದವಾಯಿತು. ಎಲ್ಲರೂ ನಕ್ಕೆವು.” ಆಯಿಯ ಆ ಮಾತು ಅವಳದೋ, ಮುಂದೆ ಕಲಬುರಗಿಯ ಗಾಜಿಪುರ ಓಣಿಯ ಬಾಡಿಗೆ ಕೋಣೆಯಲ್ಲಿ ಕೂತು ನಾನೇ ತಿದ್ದಿ ತೀಡಿದ್ದೋ, ಈಗ ಹೇಳಲಾರೆ. ನಕ್ಕದ್ದಂತೂ ನಿಜ, ಬರೆದಿದೆ.

ಕೆಲಸ ಸಿಕ್ಕಿತು. ಮೊದಲ ವಾರವೇ ಮಕ್ಕಳನ್ನು ದಾಖಲು ಮಾಡಿಕೊಳ್ಳುವ ಪಾಳಿ ನನ್ನದಾಯಿತು. ‘ಹುಟ್ಟಿದ ಊರು’ ಎಂಬ ಕಡೆ ಯಾರನ್ನೂ ಕೇಳದೆ ಸಾಲಾಗಿ ಕಮಲಾಪುರ ಎಂದು ಬರೆದೆ. ಪಕ್ಕದಲ್ಲಿ ನಿಂತಿದ್ದ ತಾಯಂದಿರಿಗೆ ಓದಿಯೂ ಹೇಳಿದೆ. ಅರ್ಧದಷ್ಟು ಸುಳ್ಳೇ ಇದ್ದೀತು. ಒಬ್ಬಳೂ ತಿದ್ದಿಸಲಿಲ್ಲ.