ಮಾತಿಲ್ಲದ ಇಪ್ಪತ್ತಾರು

ನನ್ನ ಮಗಳ ಕೆಲಸ ಏನೆಂದು ಯಾರಾದರೂ ಕೇಳಿದರೆ ಬಹಳ ದಿನ ನಾನು ‘ಕಂಪ್ಯೂಟರಿಂದು ಏನೋ’ ಎಂದು ಹೇಳಿ ಪಾರಾಗುತ್ತಿದ್ದೆ. ತಂತಿ, ಸ್ಪೀಕರು, ಸೆನ್ಸರು ಜೋಡಿಸಿ ಕತ್ತಲೆ ಕೋಣೆಯಲ್ಲಿ ಸದ್ದು ಹೊರಡಿಸುವುದೂ ಒಂದು ಕಲೆ ಎಂದರೆ, ಓಝರಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಿಡಿಭಾಗ ತಪಾಸಣೆ ಮಾಡಿದವನ ತಲೆಗೆ ಅದು ಹೇಗೆ ಇಳಿಯಬೇಕು? ‘ಹಾಡಿಲ್ಲ, ಹಸೆಯಿಲ್ಲ, ಬರೇ ಗುಂಯ್ ಅಂತದ’ ಎಂದು ಚೇಷ್ಟೆ ಮಾಡುತ್ತಿದ್ದೆ. ಅವಳು ಮರಾಠಿಯಲ್ಲಿ ಬೈಯುತ್ತಿದ್ದಳು.

ಅವಳ ಕೆಲಸ ಸಂಭಾಜಿನಗರದ ಒಂದು ಸಮ್ಮೇಳನಕ್ಕೆ ಆಯ್ಕೆಯಾಯಿತು. ದೇಶವಿದೇಶದ ಎಲೆಕ್ಟ್ರಾನಿಕ್ ಕಲಾವಿದರು, ಪ್ರೊಫೆಸರರು ನಾಲ್ಕು ದಿನ ಅಲ್ಲಿ ಸೇರುವವರಿದ್ದರು. ಅವಳು ವಾರ ಮೊದಲೇ ಹೋಗಿ, ನಾಶಿಕದ ಮನೆಯಲ್ಲಿದ್ದ ನನಗೆ ಫೋನು ಮಾಡಿದಳು.

“ಅಪ್ಪಾ, ಆಯೀ ಫೋನಿನಾಗ ಇದ್ದದ್ದು ಸಗಳಾ, ಎಲ್ಲಾ, ಮೆಮರಿ ಕಾರ್ಡಿಗೆ ಹಾಕಿ ತಗೊಂಡು ಬಾ. ನೀಟ್ ಹಾಕು, ಹಾಂ?”

“ನೀಟಂದ್ರ ಏನಂತ ಮೂವತ್ತ ವರ್ಷ ಮಂದಿಗೆ ಕಲಿಸೀನಿ. ನನಗ ಹೇಳ್ತೀ?”

ಆಯಿ ಎಂದರೆ ನನ್ನ ಹೆಂಡತಿ. ಲಕ್ವಾ ಹೊಡೆದು ಆಕೆಯ ಮಾತು ಹೋಗಿತ್ತು. ಮಾತು ಕಲಿಸಲು ಬರುತ್ತಿದ್ದ ಹುಡುಗಿ, ದಿನಾ ಫೋನಿನಲ್ಲಿ ಏನಾದರೂ ಹೇಳಿ ರೆಕಾರ್ಡ್ ಮಾಡಿಕೊಳ್ಳಿರಿ ಎಂದಿದ್ದಳು. ಆಕೆ ಮಧ್ಯಾಹ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಗುಂಡಿ ಒತ್ತುತ್ತಿದ್ದಳು. ಒಮ್ಮೊಮ್ಮೆ ‘ನೀರು’, ‘ಚಹಾ’, ‘ಮಂಗಳವಾರ’ ಎಂದು ಬರುತ್ತಿತ್ತು. ಎಷ್ಟೋ ದಿನ ಏನೂ ಬರುತ್ತಿರಲಿಲ್ಲ. ಆಕೆ ಹೋಗಿ ಈಗ ಎರಡು ವರ್ಷ.

ಫೋನು ಎದುರಿಗಿಟ್ಟುಕೊಂಡು ಮೂರು ದಿನ ಕುಳಿತೆ. ಮಾತು ಇದ್ದವನ್ನು ತಾರೀಖಿನ ಪ್ರಕಾರ ಕಾರ್ಡಿಗೆ ಹಾಕಿದೆ. ಉಳಿದ ಇಪ್ಪತ್ತಾರರಲ್ಲಿ ಆಕೆಯ ಮಾತೇ ಇರಲಿಲ್ಲ. ನಮ್ಮ ಕೆಲಸದಲ್ಲಿ ಒಂದು ನಿಯಮವಿತ್ತು: ನಪಾಸಾದ ಭಾಗವನ್ನು ಸುಮ್ಮನೆ ಪಕ್ಕಕ್ಕಿಡುವಂತಿಲ್ಲ. ಯಾರೋ ಗೊತ್ತಿಲ್ಲದೆ ಎತ್ತಿ ಬಳಸಿಬಿಟ್ಟಾರು ಎಂದು ಅದನ್ನು ಕತ್ತರಿಸಿ ಹಾಳು ಮಾಡಬೇಕು, ಕಾರಣವನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಕೈಗೆ ಹತ್ತಿದ ರೂಢಿ ಸುಟ್ಟರೂ ಹೋಗುವುದಿಲ್ಲ. ಒಂದೊಂದನ್ನೇ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದು, ಅಳಿಸಿದೆ. ಕೊನೆಗೆ ಫೋನನ್ನೂ ಪೂರ್ತಿ ಖಾಲಿ ಮಾಡಿ ಒರೆಸಿಟ್ಟೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಯೇವಲಾ ದಾರಿಯ ಬಸ್ಸು ಹಿಡಿದು ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ, ಸಮ್ಮೇಳನದಲ್ಲಿ ಅವಳಿಗೆ ಕೊಟ್ಟ ಕೋಣೆ ಮುಟ್ಟಿದೆ. ಮಗಳು ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಒಂದಾದ ಮೇಲೊಂದು ತೆರೆದಳು. ‘ನೀರು.’ ‘ಚಹಾ.’ ನಾನು ಶಭಾಷ್‌ಗಿರಿಗಾಗಿ ಕಾಯುತ್ತ ನಿಂತಿದ್ದೆ.

“ಬಾಕೀಚೆ? ಉಳಿದಾವು ಎಲ್ಲಿ?”

“ಅವು ಖಾಲಿ ಇದ್ವು. ತಗದೆ.”

“ಫೋನಿನಾಗ ಅದಾವಲ್ಲ?”

“ಫೋನೂ ಸ್ವಚ್ಛ ಮಾಡೀನಿ.”

ಅವಳು ನೆಲದ ಮೇಲೆ ಕುಳಿತುಬಿಟ್ಟಳು. ಸುತ್ತಲೂ ಇಪ್ಪತ್ತಾರು ಸಣ್ಣ ಸ್ಪೀಕರುಗಳು ತೂಗುತ್ತಿದ್ದವು. ಆಗ ನನಗೆ ತಿಳಿಯಿತು.

“ನನಗ ಅವೇ ಬೇಕಿದ್ವು, ಅಪ್ಪಾ. ಸುರುವಿಷ್ಟ ಕೇಳಿ ಎಣಿಸಿಟ್ಟಿದ್ದೆ. ಮಾತಾಡಾಕ ಕುಂದರ್ತಿದ್ಲು. ಬರ್ತಿದ್ದಿಲ್ಲ. ತರೀ ಬಸಾಯ್ಚೀ, ಆದ್ರೂ ಕುಂದರ್ತಿದ್ಲು. ನಾ ತೋರ್ಸಾಕ ಬಂದಿದ್ದೇ ಅದು.” ಮಗಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದು ಕಡಿಮೆ. ಅಂದು ಇಷ್ಟುದ್ದ ಕನ್ನಡ ಆಡಿದಳು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಹೆಂಡತಿಯನ್ನು ಎರಡನೆಯ ಸಲ ಸುಟ್ಟುಬಂದಂತೆ ಸಂಕಟವಾಯಿತು.

ಬೇರೇನೂ ತೋಚದೆ ಚೀಲದಿಂದ ನೋಟ್‌ಬುಕ್ ತೆಗೆದು ಅವಳ ಮುಂದಿಟ್ಟೆ. ಸಾಮಾನಿನ ಜೊತೆ ಕಾಗದವೂ ಹೋಗಬೇಕೆಂಬ ರೂಢಿಯಿಂದ ಅದನ್ನೂ ತಂದಿದ್ದೆ. ಅವಳು ಮೊದಲ ಪುಟವನ್ನು ಬೆರಳಿಟ್ಟು ನಿಧಾನವಾಗಿ ಓದಿದಳು.

“ಇಷ್ಟೂ ಕೇಳೀಯೇನು?”

“ಪೂರಾ ಕೇಳದ ರಿಜೆಕ್ಟ್ ಮಾಡೂ ಹಂಗಿಲ್ಲ.”

ನೋಟ್‌ಬುಕ್ ಮುಚ್ಚಿ ನನ್ನ ಕೈಗಿಟ್ಟು, “ನಾಳೆ ನೀನ ಓದು. ಇಲ್ಲೇ ಕುಂತು,” ಎಂದಳು. ಆಗಲ್ಲ ಎನ್ನುವ ಮುಖ ನನಗೆಲ್ಲಿತ್ತು?

ಮರುದಿನ ಬೆಳಿಗ್ಗೆ ಹದಿನೈದಿಪ್ಪತ್ತು ಜನ ಚಪ್ಪಲಿ ಕಳಚಿ ಒಳಗೆ ಬಂದು ನೆಲದ ಮೇಲೆ ಕುಳಿತರು. ಪರದೇಶದವರೇ ಹೆಚ್ಚು. ಸ್ಪೀಕರುಗಳು ಬಾಯಿ ಮುಚ್ಚಿಕೊಂಡು ತೂಗುತ್ತಿದ್ದವು. ನಾನು ಓದುವುದು, ಮಗಳು ಇಂಗ್ಲಿಷಿನಲ್ಲಿ ಹೇಳುವುದು.

“ಒಂದು. ನಲವತ್ತು ಸೆಕೆಂಡು. ಮಾತಿಲ್ಲ. ಫ್ಯಾನಿನ ಸದ್ದು.”

“ನಾಲ್ಕು. ಒಂದು ನಿಮಿಷ. ಮಾತಿಲ್ಲ. ಕೆಮ್ಮು ಒಂದು ಸಲ. ಬಳೆ.”

“ಒಂಬತ್ತು. ಎರಡು ನಿಮಿಷ. ಮಾತಿಲ್ಲ. ಉಸಿರು ಬಿಗಿಹಿಡಿದು ಬಿಟ್ಟದ್ದು, ಆರು ಸಲ.”

ಒಬ್ಬ ವಯಸ್ಸಾದ ಹೆಂಗಸು ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಾನು ಒಂದನ್ನೂ ಬಿಡದೆ ಓದಿದೆ.

“ಇಪ್ಪತ್ತಾರು. ಮೂವತ್ತೊಂದು ಸೆಕೆಂಡು. ಮಾತಿಲ್ಲ. ಹೊರಗಿನ ದನಿ: ‘ಸಾಕ ಬಿಡು, ಇನ್ನ ಬರೂದಿಲ್ಲದು.’ ಆಮೇಲೆ ಬಂದ್.”

ಮಗಳು ಇಂಗ್ಲಿಷಿಗೆ ಬಾಯಿ ತೆರೆದವಳು ತಡೆದಳು. “ಯಾರ ದನಿ, ಅಪ್ಪಾ?”

ಬರೆಯುವಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಬರೆದಿದ್ದೆ. ಅದು ಕೊನೆಯ ರೆಕಾರ್ಡಿಂಗು. ಆಮೇಲೆ ಆಕೆ ಐದು ತಿಂಗಳು ಬದುಕಿದ್ದಳು, ಫೋನು ಮಾತ್ರ ಮುಟ್ಟಲಿಲ್ಲ. ದಣಿದಿದ್ದಾಳೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ.

“ನಂದು,” ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, ಅದು ತನ್ನ ತಂದೆಯ ದನಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರು ಎದ್ದು ಹೋದ ಮೇಲೆ ನನ್ನ ಕೈಗೆ ನೀರಿನ ಬಾಟಲಿ ಕೊಟ್ಟು, “ಹೊರಗ ಮಂದಿ ನಿಂತಾರ. ಮತ್ತ ಒಂದರಿಂದ ಓದು,” ಎಂದಳು.

ನಾಲ್ಕು ದಿನ ಓದಿದೆ. ಇಪ್ಪತ್ತಾರಕ್ಕೆ ಬಂದಾಗಲೆಲ್ಲ ‘ಹೊರಗಿನ ದನಿ’ ಎಂದು ಬರೆದದ್ದನ್ನು ಬಿಟ್ಟು ‘ನನ್ನ ದನಿ’ ಎಂದೇ ಓದಿದೆ.