ನೆಟ್ಟಗೆ ಬಂದ ತಂತಿ

ಕೋಪ ಬಂದರೆ ನನಗೆ ಕಣ್ಣು ಕಾಣುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಸುಳ್ಳು. ಅವತ್ತು ಎಲ್ಲವೂ ಕಾಣುತ್ತಿತ್ತು.

ಗುಡೇಮಾರನಹಳ್ಳಿಯ ನಮ್ಮ ಹೊಲದ ಮೇಲೆ ಹೈಟೆನ್ಷನ್ ತಂತಿ ಎಳೆಯಲು ಬಂದಿದ್ದರು. ಎಲ್ಲೋ ದೂರದ ಬಯಲಲ್ಲಿ ಬಿಸಿಲಿನಿಂದ ಮಾಡಿದ ಕರೆಂಟು ಬೆಂಗಳೂರಿಗೆ ಹೋಗಬೇಕು, ದಾರಿಗೆ ಹುಣಸೆಮರ ಅಡ್ಡ. ಒಸಿ ಪಕ್ಕಕ್ಕೆ ಎಳೆಯಿರಿ ಎಂದೆ. ಸೂಪರ್‌ವೈಸರ್ ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ತೋರಿಸಿದ. ಬಿಸಿಲು ಪುಕ್ಕಟೆ, ಸಾಗಿಸುವುದೇ ದುಬಾರಿ. ತಂತಿ ತಿರುಗಿದ ಕಡೆಯೆಲ್ಲ ಎಳೆತ ತಡೆಯುವ ದಪ್ಪ ಟವರ್ ಬೇಕು. ನೆಟ್ಟಗೆ ಹೋದರೇ ಅಗ್ಗ. ನಾಲ್ಕಕ್ಷರ ಕಲಿತವನಲ್ಲವೇ, ಲೆಕ್ಕ ಹಿಡಿಸಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಬಿಟ್ಟೆ.

ಆಮೇಲೆ ನೆನಪಾಯಿತು, ಮರ ನನ್ನದಲ್ಲ. ನಮ್ಮಲ್ಲಿ ಪಾಲಾಗುವಾಗ ಮಣ್ಣು ಒಬ್ಬನಿಗೆ, ಅದರ ಮೇಲಿನ ಮರ ಇನ್ನೊಬ್ಬನಿಗೆ ಹೋಗುವುದುಂಟು. ಈ ಹೊಲ ಅಪ್ಪನಿಗೆ ಬಂದಿತ್ತು, ಹುಣಸೆಮರ ಚಿಕ್ಕಪ್ಪನಿಗೆ. ಅಪ್ಪ ಹೋದ ಮೇಲೆ ಪಹಣಿಯಲ್ಲಿ ಇದ್ದದ್ದು ಮಾತ್ರ ನನ್ನ ಹೆಸರೊಂದೇ. ಹೋಗಿ ಹೇಳಬೇಕಿತ್ತು. ಕಡಿದ ಮೇಲೆ ಸಮಾಧಾನ ಮಾಡಿದರಾಯಿತು ಎಂದು ಸುಮ್ಮನಾದೆ.

ಗರಗಸದ ಸದ್ದಿಗೆ ಚಿಕ್ಕಪ್ಪ ಓಡಿಬಂದು ಮರವನ್ನು ತಬ್ಬಿ ನಿಂತ. ನಾನು ಸೂಪರ್‌ವೈಸರ್ ಹೇಳಿದ್ದನ್ನೇ ಗಿಳಿಪಾಠ ಒಪ್ಪಿಸಿದೆ.

"ಅವ್ರ ಲೆಕ್ಕ ನಂಗ್ಯಾಕ್ಲಾ? ಪಾಲಲ್ಲಿ ನಂಗೆ ಬಂದಿರೋ ಮರ ಇದೊಂದೇ ಕಣ್ಲಾ. ನೀನ್ಯಾಕ್ಲಾ ಸೈನ್ ಹಾಕ್ದೆ?"

ಕೂಲಿಯವರೆಲ್ಲ ನನ್ನ ಮುಖ ನೋಡಿದರು. ತಪ್ಪು ನನ್ನದು, ಅದಕ್ಕೇ ರೇಗಿತು. ಚಿಕ್ಕಪ್ಪನ ಹೆಗಲ ಟವೆಲ್ ಹಿಡಿದು ಎಳೆದೆ. ಆತ ನನ್ನ ಮುಂಗೈ ಕಚ್ಚಿದ. ಬಿದ್ದಿದ್ದ ಕೊಡಲಿಯ ಕಾವು ಎತ್ತಿ ತಲೆಯ ಪಕ್ಕಕ್ಕೆ ಬೀಸಿದೆ. ಒಂದಲ್ಲ, ಎರಡು ಸಲ. ಎರಡನೆಯದು ಬೇಕೆಂದೇ ಹೊಡೆದದ್ದು. ಎಡಗಿವಿಯಿಂದ ನೆತ್ತರು ಕುತ್ತಿಗೆಗೆ ಇಳಿಯಿತು. ಆತ ಬದುವಿನ ಮೇಲೆ ಕಿವಿ ಮುಚ್ಚಿಕೊಂಡು ಕೂತಿದ್ದಾಗಲೇ ಮರ ಉರುಳಿತು. ಆ ಕಿವಿ ಮತ್ತೆ ಕೇಳಲಿಲ್ಲ.

ತಂತಿ ಎಳೆದಾದ ಮೇಲೆ ಒಂದು ದಿನ ಮಾಗಡಿ ಬಸ್ಸಿನಿಂದ ನೋಡಿದೆ. ಯಾರದೋ ಫಾರ್ಮ್‌ಹೌಸ್ ಸಿಕ್ಕಿದ ಕಡೆ ಅದೇ ತಂತಿ, ದಪ್ಪ ದಪ್ಪ ಟವರ್ ಹತ್ತಿ, ಕಾಂಪೌಂಡ್ ಬಳಸಿಕೊಂಡು ಹೋಗಿತ್ತು. ಬೈಯೋಣವೆಂದರೆ ಸಹಿ ಹಾಕಿದವನು ನಾನೇ.

ಹೋದ ವರ್ಷ ಹೊಲದಲ್ಲಿ ಚಿಕ್ಕಪ್ಪ ಸಿಕ್ಕಿದ. ಮೋಡ ಮುಚ್ಚಿತ್ತು, ಮೇಲೆ ತಂತಿ ಗುಯ್ಯೆನ್ನುತ್ತಿತ್ತು. ಎಡಗಡೆ ನಿಂತು, ತಪ್ಪಾಯ್ತು ಚಿಕ್ಕಪ್ಪ ಎಂದೆ. ಆತ ತಿರುಗಲಿಲ್ಲ. ಬಲಗಡೆಗೆ ಹೋಗಿ ಇನ್ನೊಮ್ಮೆ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.